ನಾನೂರು ಹೆಜ್ಜೆ ಆಚೆಯ ಕಲ್ಲುಗುಪ್ಪೆ

ಜನವರಿ 1

ರಕ್ತದೊತ್ತಡ 168/96.

ಈ ಪುಸ್ತಕ ನರ್ಸ್ ಕರ್ಸ್ಟಿಯ ಆಜ್ಞೆ. ದಿನಾ ಬೆಳಿಗ್ಗೆ ತೋಳಿಗೆ ಪಟ್ಟಿ ಸುತ್ತಿ ಅಳೆದು ಬರೆಯಬೇಕು, ಜೊತೆಗೆ ಆ ದಿನ ಸಿಟ್ಟು ಬರಿಸಿದ್ದು ಏನು ಅಂತಲೂ ಬರೆಯಬೇಕು. "ಬೈಯೋ ಬದಲು ಬರೀರಿ ಲಾಕಿ," ಅಂದಳು. ಮೂವತ್ತೊಂದು ವರ್ಷ ಅಂಚೆ ವ್ಯಾನು ಓಡಿಸಿ ಊರಿನವರ ಕಾಗದ ಹಂಚಿದವನಿಗೆ ಈಗ ತನಗೆ ತಾನೇ ಕಾಗದ ಬರೆದುಕೊಳ್ಳುವ ಗತಿ. ಅಂಕಿಗಳನ್ನು ಚೀಟಿಯಲ್ಲಿ ಬರೆದು ಅವಳಿಗೆ ಕೊಡುತ್ತೇನೆ. ಪುಸ್ತಕ ತೋರಿಸುವುದಿಲ್ಲ.

ಇವತ್ತಿನ ಸಿಟ್ಟು: ಮರ್ಡೊ.

ಹೊಸವರ್ಷದ ದಿನ ಹೊಸ್ತಿಲು ದಾಟುವ ಮೊದಲ ಕಾಲು ಕಪ್ಪು ಕೂದಲಿನ ಎತ್ತರದ ಗಂಡಸಿನದಾಗಿರಬೇಕು, ಅವನ ಕೈಯಲ್ಲಿ ಕಲ್ಲಿದ್ದಲಿರಬೇಕು, ಆಗ ಮನೆಗೆ ವರ್ಷವಿಡೀ ಒಳ್ಳೆಯದು. ನಮ್ಮ ಮನೆಗೆ ಇಪ್ಪತ್ತು ವರ್ಷದಿಂದ ಮೊದಲ ಕಾಲಿಡುತ್ತಿರುವವನು ಬೋಳುತಲೆಯ, ಐದಡಿ ನಾಲ್ಕಂಗುಲದ ಮರ್ಡೊ. ನಮ್ಮ ಅದೃಷ್ಟ ಹೀಗಿರುವುದಕ್ಕೆ ಬೇರೆ ಕಾರಣ ಹುಡುಕಬೇಕಾಗಿಲ್ಲ.

ಮಧ್ಯಾಹ್ನ ಬಂದ. ಒಂದು ಕೈಯಲ್ಲಿ ಕಲ್ಲಿದ್ದಲು, ಇನ್ನೊಂದರಲ್ಲಿ ಹಳೆಯದೊಂದು ಫೋಟೊ. ಶಾಲೆಯಲ್ಲಿ ಮರಗೆಲಸ ಕಲಿಸುತ್ತಿದ್ದವನು, ನಿವೃತ್ತನಾದ ಮೇಲೂ ಪ್ರಪಂಚವನ್ನೆಲ್ಲ ಮೂಲೆಮಟ್ಟ ಹಿಡಿದೇ ನೋಡುತ್ತಾನೆ. ಫೋಟೊವನ್ನು ಮೇಜಿನ ಮೇಲಿಟ್ಟು ಭೂತಗನ್ನಡಿಯನ್ನು ನನ್ನ ಕೈಗೆ ತುರುಕಿದ.

"ನನ್ನ ಭುಜದ ಹಿಂದೆ ನೋಡು. ಏನ್ ಕಾಣ್ಸುತ್ತೆ?"

"ಮಂಜು."

"ಮಂಜಿನ ಒಳಗೆ?"

"ಇನ್ನಷ್ಟು ಮಂಜು. ವಿಸ್ಕಿ ಹಾಕ್ಲಾ?"

"ಅದು ದಿಣ್ಣೆ ಕಣೋ! ನಾನು ನಿಂತಿರೋ ಜಾಗಕ್ಕಿಂತ ಎತ್ತರದ ದಿಣ್ಣೆ! ನಾವು ತಪ್ಪು ಗುಪ್ಪೆ ಮುಟ್ಟಿ ಬಂದಿದೀವಿ ಲಾಕಿ!"

ಫೋಟೊ ಇಪ್ಪತ್ತನಾಲ್ಕು ವರ್ಷ ಹಿಂದಿನದು. ಬಿಳಿಕುದುರೆ ಬೆಟ್ಟದ ಮೇಲೆ ಮರ್ಡೊ ಒಂದು ಕಲ್ಲುಗುಪ್ಪೆಯ ಮೇಲೆ ಕೈಯಿಟ್ಟು ನಗುತ್ತಿದ್ದಾನೆ. ನೆತ್ತಿಯ ಗುರುತಿಗೆ ಪೇರಿಸಿಟ್ಟ ಕಲ್ಲಿನ ಗುಪ್ಪೆ ಮುಟ್ಟದಿದ್ದರೆ ಬೆಟ್ಟ ಹತ್ತಿದ ಲೆಕ್ಕವಲ್ಲ. ಮೂರು ಸಾವಿರ ಅಡಿ ದಾಟಿದ ಬೆಟ್ಟಗಳು ನಮ್ಮಲ್ಲಿ ಇನ್ನೂರ ಎಂಬತ್ತೆರಡು, ಮನ್ರೋಗಳು ಅನ್ನುತ್ತಾರೆ. ಅಷ್ಟನ್ನೂ ಹತ್ತಿದವರ ಹೆಸರು ಒಂದು ಪಟ್ಟಿಗೆ ಸೇರುತ್ತದೆ. ಮರ್ಡೊನ ಹೆಸರು ಸೇರಿ ಒಂಬತ್ತು ವರ್ಷವಾಯಿತು. ನಾನು ಎಣಿಸುವವನಲ್ಲ. ಅವನ ಜೊತೆ ಹೋಗುತ್ತೇನೆ, ಬರುತ್ತೇನೆ, ಅಷ್ಟೆ.

"ಈಗ ನಂದು ಇನ್ನೂರ ಎಂಬತ್ತೊಂದು," ಅಂದ, ಮನೆಯಲ್ಲಿ ಸಾವಾದವರ ದನಿಯಲ್ಲಿ.

"ಬೇಸಿಗೇಲಿ ಹೋಗಿ ಮುಟ್ಟಿದ್ರಾಯ್ತು ಮಾರಾಯ."

"ಮಾರ್ಚ್ ಮೂರಕ್ಕೆ ಸೊಂಟದ ಆಪರೇಷನ್. ಆಮೇಲೆ ಬೆಟ್ಟ ಹತ್ತೋಕಾಗುತ್ತೋ ಇಲ್ವೋ ಡಾಕ್ಟರಿಗೇ ಗೊತ್ತಿಲ್ಲವಂತೆ. ಹೋಗೋದಾದ್ರೆ ಅದಕ್ಕೆ ಮುಂಚೆ."

ಮುಂಚೆ ಅಂದರೆ ಈ ಚಳಿಗಾಲದಲ್ಲಿ. ಅರವತ್ತೆಂಟು ವರ್ಷದ, ಸೊಂಟ ಸವೆದ ಮನುಷ್ಯ. ಇವನ ಜೊತೆ ಬೀಪಿ ಇರುವ ಇನ್ನೊಬ್ಬ.

ಜನವರಿ 3

174/98. ಮೇಲಿನದು ಏರುತ್ತಿದೆ. ಯಾಕೆ ಅಂತ ಗೊತ್ತು.

ಬರೆದೇಬಿಡುತ್ತೇನೆ. ಯಾರೂ ಓದುವುದಿಲ್ಲವಲ್ಲ.

ಆ ಫೋಟೊ ತೆಗೆದವನು ನಾನು. ಮರ್ಡೊ ಗುಪ್ಪೆಯ ಮೇಲೆ ಕೈಯಿಟ್ಟು "ಇದೇ ತಾನೆ?" ಅಂತ ಕೇಳಿದಾಗ ನನ್ನ ಕಣ್ಣು ಕ್ಯಾಮೆರಾದ ಕಿಂಡಿಯಲ್ಲಿತ್ತು. ಅದೇ ಗಳಿಗೆಗೆ ಮಂಜು ಸೀಳಿ, ಅವನ ಭುಜದ ಹಿಂದೆ ದಿಣ್ಣೆ ಕಾಣಿಸಿತು. ತಗ್ಗೊಂದು ದಾಟಿ, ಹೆಚ್ಚೆಂದರೆ ನಾನೂರು ಹೆಜ್ಜೆ ಆಚೆ. ನನಗೆ ಚೆನ್ನಾಗಿ ಕಂಡಿತು. ಗುಂಡಿ ಒತ್ತಿದೆ. "ಇದೇ ಕಣೋ, ನಡಿ," ಅಂದೆ.

ಪ್ರಾಣಕ್ಕೆ ಸಂಚಕಾರ ಬಂದಿತ್ತೆ? ಇಲ್ಲ. ಬಿರುಗಾಳಿ? ಇಲ್ಲ. ಬೆಳಿಗ್ಗೆ ಎಂಟರಿಂದ ಅವನು ಬೂಟಿಗೆ ಹಚ್ಚುವ ಮೇಣದ ಬಗ್ಗೆ ಮಾತಾಡುತ್ತಿದ್ದ. ಯಾವ ಮೇಣ ಚರ್ಮದೊಳಗೆ ಇಳಿಯುತ್ತದೆ, ಯಾವುದು ಮೇಲೇ ಕೂರುತ್ತದೆ, ಮೊದಲ ಸಲ ಹಚ್ಚಿದ್ದು ಒಣಗದೆ ಎರಡನೆಯದು ಯಾಕೆ ಹಚ್ಚಬಾರದು. ಐದು ಗಂಟೆ ಕೇಳಿದ್ದೆ. ಇನ್ನು ನಾನೂರು ಹೆಜ್ಜೆ ಹೋಗಿ ಬರಲು ನಾನೂರು ಹೆಜ್ಜೆಯಷ್ಟು ಮೇಣ ಕೇಳಬೇಕಿತ್ತು. ಅದಕ್ಕೇ ಸುಳ್ಳು ಹೇಳಿದೆ.

ಇಷ್ಟೇ. ಇಪ್ಪತ್ತನಾಲ್ಕು ವರ್ಷ ಅದು ನೆನಪಿಗೂ ಬರಲಿಲ್ಲ ಅಂತ ಬರೆಯಬೇಕು ಅನ್ನಿಸುತ್ತಿದೆ. ಅದೂ ಸುಳ್ಳಾಗುತ್ತದೆ.

ಜನವರಿ 9

171/97.

ನನ್ನ ಹೆಂಡತಿ ಜೀನ್ ಇವತ್ತು ಮರ್ಡೊಗೆ ಬುದ್ಧಿ ಹೇಳುತ್ತಾಳೆ ಅಂದುಕೊಂಡು ಅವನನ್ನು ಊಟಕ್ಕೆ ಕರೆದೆ. ತಪ್ಪು ಮಾಡಿದೆ.

"ಹುಚ್ಚು ಹಿಡಿದಿದೆಯಾ ನಿಂಗೆ?" ಅಂತ ಶುರುವೇನೋ ಚೆನ್ನಾಗೇ ಮಾಡಿದಳು. "ಊರ ಏರು ಹತ್ತೋಕೇ ಎರಡು ಸಲ ನಿಲ್ತೀಯ, ಹಿಮದಲ್ಲಿ ಬಿಳಿಕುದುರೆ ಹತ್ತುತೀಯಾ? ಆ ಪಟ್ಟಿಯವರು ಬಂದು ನಿನ್ನ ಬೂಟು ಮೂಸಿ ನೋಡ್ತಾರಾ? ಯಾರಿಗೆ ಗೊತ್ತಾಗುತ್ತೆ?"

"ಎಲ್ಸ್‌ಪೆತ್‌ಗೆ," ಅಂದ ಮರ್ಡೊ.

ಎಲ್ಸ್‌ಪೆತ್ ಅವನ ಹೆಂಡತಿ. ತೀರಿಕೊಂಡು ನಾಲ್ಕು ವರ್ಷ. ಬೆಟ್ಟ ಅಂದರೆ ಕಿಟಕಿಯಿಂದ ನೋಡುವಂಥದ್ದು ಅನ್ನುತ್ತಿದ್ದವಳು. ಅವನ ಕೊನೆಯ ಬೆಟ್ಟದ ದಿನ ಮಾತ್ರ ತಾನೂ ಬರುತ್ತೇನೆಂದು ಹೊರಟಳು. ಅವಳು ಹತ್ತಿದ್ದು ಅದೊಂದೇ. ನೆತ್ತಿಯಲ್ಲಿ ಮೂವತ್ತು ಜನ ಸೇರಿದ್ದೆವು. ಜೀನ್ ಬಟ್ಟೆಯಲ್ಲಿ ಕಟ್ಟಿ ಬೇಯಿಸಿದ ಒಣದ್ರಾಕ್ಷಿ ಕಡುಬನ್ನು ನಾನೇ ಬೆನ್ನ ಮೇಲೆ ಹೊತ್ತು ಹತ್ತಿದ್ದೆ. ಕೊನೆಯ ಗುಪ್ಪೆಯ ಮೇಲೆ ಇಬ್ಬರೂ ಒಟ್ಟಿಗೆ ಕೈಯಿಟ್ಟರು.

"ಅವಳು ಬಂದಿದ್ದು ನಂದು ಮುಗೀತು ಅಂತ," ಅಂದ. "ಮುಗಿದಿರ್ಲಿಲ್ಲ. ಅವಳನ್ನ ಇನ್ನೂರ ಎಂಬತ್ತೊಂದನೇದಕ್ಕೆ ಕರ್ಕೊಂಡು ಹೋಗಿ, ಇದೇ ಕೊನೇದು ಅಂದೆ. ಗೊತ್ತಿಲ್ದೇ ಹೇಳಿದ್ರೂ ಸುಳ್ಳು ಸುಳ್ಳೇ ತಾನೆ ಜೀನ್? ಡಾಕ್ಟರು ಮೂಗಿಗೆ ಅರಿವಳಿಕೆ ಹಿಡಿಯೋವಾಗ ಈ ಲೆಕ್ಕ ತಲೇಲಿಟ್ಕೊಂಡು ನಾನು ಮಲಗಲ್ಲ."

ಜೀನ್ ಅವನ ತಟ್ಟೆಗೆ ಇನ್ನೆರಡು ಆಲೂಗಡ್ಡೆ ಹಾಕಿದಳು. ನನ್ನ ಕಡೆ ತಿರುಗಿ, "ಹಿಮದಲ್ಲಿ ಊರ್ಕೊಂಡು ಹತ್ತೋ ಕೊಡಲಿ ಎಲ್ಲಿಟ್ಟಿದೀಯ ನೋಡು, ತುಕ್ಕು ಹಿಡಿದಿರುತ್ತೆ," ಅಂದಳು.

ಹೀಗೆ ನನ್ನ ಕಡೆಯ ಸಾಕ್ಷಿ ಎದುರು ಪಾರ್ಟಿಗೆ ಸೇರಿಕೊಂಡಿತು.

ಆಗಲೇ ಹೇಳಿಬಿಡಬಹುದಿತ್ತು. ಬಾಯಲ್ಲಿ ಆಲೂಗಡ್ಡೆ ಇತ್ತು.

ಜನವರಿ 20

ಅಳೆಯಲು ಸಮಯವಿರಲಿಲ್ಲ, ಐದಕ್ಕೇ ಬಂದು ಹಾರ್ನ್ ಹೊಡೆದ.

ಮೊದಲ ಯತ್ನ. ಹಾಳು ದಿನ. ಹೊರಡುವ ಮುಂಚೆ ಜೀನ್‌ಗೆ ದಾರಿಯ ಚೀಟಿ ಬರೆದು ಕೊಟ್ಟೆವು: ಎಲ್ಲಿ ಗಾಡಿ ನಿಲ್ಲಿಸುತ್ತೇವೆ, ಬೆಟ್ಟದ ಯಾವ ಭುಜ ಹಿಡಿದು ಹತ್ತುತ್ತೇವೆ, ಎಷ್ಟು ಹೊತ್ತಿಗೆ ಫೋನ್ ಮಾಡುತ್ತೇವೆ. "ಆರು ಗಂಟೆ," ಅಂದಳು. "ಆರೂ ಒಂದಕ್ಕೆ ಬೆಟ್ಟದ ರಕ್ಷಣಾ ತಂಡಕ್ಕೆ ಫೋನ್ ಮಾಡ್ತೀನಿ. ಆಮೇಲೆ ಪಬ್ಬಲ್ಲಿ ಅವರೆಲ್ಲ ನಿನ್ನ ಆಡ್ಕೊಂಡ್ರೆ ನನ್ನ ಕೇಳ್ಬೇಡ."

ಒಂಬತ್ತಕ್ಕೆ ಬೆಳಕಾಯಿತು, ಅದಕ್ಕೆ ಬೆಳಕು ಅನ್ನುವುದಾದರೆ. ಹಿಂದಿನ ದಿನದ ಹಿಮ ಕರಗಿ ತೊರೆಗಳೆಲ್ಲ ತುಂಬಿ ಹರಿಯುತ್ತಿದ್ದವು. ಕಾಡು ದಾಟಿ ಜಿಂಕೆಬೇಲಿಯವರೆಗೆ ಹೋಗುವಷ್ಟರಲ್ಲಿ ಗಾಳಿ ನಮ್ಮನ್ನು ಎರಡು ಸಲ ಕೂರಿಸಿತು. ಮೇಲಿನ ಇಳಿಜಾರಿನಲ್ಲಿ ಹಿಮ ಜಾರುವ ಅಪಾಯವಿದೆ ಅಂತ ಬೆಳಗಿನ ಮುನ್ಸೂಚನೆಯೂ ಇತ್ತು. ವಾಪಸ್ಸು ಅಂದೆ. ಅವನು ಬೇಲಿ ಹಿಡಿದುಕೊಂಡು ನಿಂತ. ಬಿಡಲಿಲ್ಲ. ಸೊಂಟದ ಮೇಲೆ ಭಾರ ಬೀಳಬಾರದು ಅಂತ ಹಾಗೆ ನಿಂತಿದ್ದ. ಅದು ನನಗೆ ಆಮೇಲೆ ಹೊಳೆಯಿತು.

ಹೋಗುವಾಗ ಒಂದೂವರೆ ಗಂಟೆ ಮೇಣ. ಬರುವಾಗ ಒಂದು ಗಂಟೆ ಮೇಣ. ನನ್ನ ಬೂಟು ಒಳಗೆಲ್ಲ ಒದ್ದೆ, ಅವನದು ಬೆಚ್ಚಗೆ ಒಣಗಿತ್ತು. ಅದನ್ನು ಅವನು ಏಳು ಸಲ ಹೇಳಿದ.

ಜನವರಿ 21

ಮೈಯೆಲ್ಲ ನೋವು. 181/99. ಕರ್ಸ್ಟಿಗೆ 161 ಅಂತ ಬರೆದುಕೊಟ್ಟೆ.

ಫೆಬ್ರವರಿ 6

173/95.

ಮರ್ಡೊ ದಿನಾ ಊರ ಏರನ್ನು ಅಭ್ಯಾಸಕ್ಕೆ ಹತ್ತುತ್ತಿದ್ದಾನೆ. ನಾನೂ ಹೋಗುತ್ತೇನೆ, ಅವನು ಬಿದ್ದರೆ ಎತ್ತುವವರು ಬೇಕಲ್ಲ. ಅವನು ಎರಡು ಸಲ ನಿಲ್ಲುತ್ತಾನೆ. ನಿಂತಾಗಲೆಲ್ಲ ಯಾವುದಾದರೂ ಗೋಡೆಯ ಕಲ್ಲು ನೋಡುತ್ತಿರುವ ಹಾಗೆ ನಟಿಸುತ್ತಾನೆ. "ಈ ಕಲ್ಲು ಚೆನ್ನಾಗಿ ಕೂರಿಸಿದ್ದಾರೆ ನೋಡು." ನಾನೂ ನೋಡುತ್ತೇನೆ. ಆ ಗೋಡೆಯ ಒಂದೊಂದು ಕಲ್ಲೂ ಈಗ ನನಗೆ ಪರಿಚಯ.

ಇವತ್ತು ಅಂಚೆ ಡಬ್ಬದ ಹತ್ತಿರ ನಿಂತಾಗ ಹೇಳಿಬಿಡೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ರಸ್ತೆಯ ಹಿಮ ಕರಗಿಸಲು ಉಪ್ಪು ಚೆಲ್ಲುವ ಲಾರಿ ಬಂತು. ಲಾರಿ ಹೋದ ಮೇಲೆ ಅವನು, "ಏನೋ ಹೇಳ್ತಿದ್ದೆ?" ಅಂದ.

"ಚಳಿ ಅಂದೆ."

"ಫೆಬ್ರವರಿ ಕಣಯ್ಯ. ಚಳೀನೇ ಇರುತ್ತೆ."

ಇವನೊಬ್ಬ ಹವಾಮಾನ ತಜ್ಞ.

ಫೆಬ್ರವರಿ 14

ಮೊದಲಿಂದ ಬರೆಯುತ್ತೇನೆ.

ರಾತ್ರಿಯ ಹಿಮ ಗಟ್ಟಿಯಾಗಿತ್ತು, ಗಾಳಿ ಕಡಿಮೆ, ಮುನ್ಸೂಚನೆ ಒಳ್ಳೆಯದು. ಏಳೂವರೆಗೆ ನಡೆಯಲು ಶುರು. ಕಾಡಿನ ದಾರಿ, ಜಿಂಕೆಬೇಲಿ, ಆಮೇಲೆ ಉದ್ದದ ಭುಜ. ಬೂಟಿಗೆ ಉಕ್ಕಿನ ಮುಳ್ಳು ಕಟ್ಟಿಕೊಂಡ ಮೇಲೆ ಹೆಜ್ಜೆ ಚೆನ್ನಾಗಿ ಕಚ್ಚುತ್ತಿತ್ತು. ಮರ್ಡೊ ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದ. ಇಲ್ಲಿ ನೋಡುವುದಕ್ಕೆ ಗೋಡೆಯೂ ಇರಲಿಲ್ಲ, ಕೊಡಲಿಯ ಮೇಲೆ ಒರಗಿ ಸುಮ್ಮನೆ ನಿಲ್ಲುತ್ತಿದ್ದ. ಹನ್ನೊಂದರ ನಂತರ ಮೇಣದ ಮಾತೂ ನಿಂತಿತು. ಆಗ ನನಗೆ ಭಯವಾಯಿತು.

"ವಾಪಸ್ ಹೋಗೋಣ್ವಾ?"

"ನಿಂಗೆ ಸುಸ್ತಾಗಿದ್ರೆ ಹೋಗು."

ಮುದಿ ಹೇಸರಗತ್ತೆ. ಅವನ ಚೀಲದಿಂದ ನೀರು, ಹಗ್ಗ, ಬದಲಿ ಕೋಟು ಎಲ್ಲ ತೆಗೆದು ನನ್ನ ಚೀಲಕ್ಕೆ ಹಾಕಿಕೊಂಡೆ. ವಿಸ್ಕಿಯ ಸೀಸೆ ಮಾತ್ರ ಕೊಡಲಿಲ್ಲ.

ಭುಜದ ತುದಿ ತಲಪುವಾಗ ಒಂದೂ ಕಾಲು. ಮುನ್ಸೂಚನೆಯಲ್ಲಿಲ್ಲದ ಮಂಜು ಕೆಳಗಿಂದ ಎದ್ದು ಬಂದು ಎಲ್ಲವನ್ನೂ ಮುಚ್ಚಿತು. ನೆಲ ಬಿಳಿ, ಆಕಾಶ ಬಿಳಿ, ನಡುವೆ ಗೆರೆಯಿಲ್ಲ. ಹತ್ತು ಹೆಜ್ಜೆ ಮುಂದೆ ಒಂದು ಗುಪ್ಪೆ ಮೂಡಿತು, ಹಿಮ ಮೆತ್ತಿಕೊಂಡು ಬೆಳ್ಳಗಾಗಿತ್ತು. ಮರ್ಡೊ ತೂರಾಡುತ್ತ ಹೋಗಿ ಅದರ ಮೇಲೆ ಕೈಯಿಟ್ಟ. ಚಳಿಗೆ ಅವನ ತುಟಿ ನೀಲಿಗಟ್ಟಿತ್ತು. ನಮ್ಮ ನಕ್ಷೆ, ದಿಕ್ಸೂಚಿ ಎರಡೂ ನನ್ನ ಕೈಯಲ್ಲಿ.

"ಇದೇ ತಾನೆ?" ಅಂದ.

ಅದೇ ಮಾತು. ಅದೇ ಜಾಗ. ಕಲ್ಲು ಕೂಡ ಅದೇ. ಹೌದು ಅಂದಿದ್ದರೆ ನಂಬುತ್ತಿದ್ದ. ಅಲ್ಲೇ ವಿಸ್ಕಿ ಕುಡಿದು, ಬೆಳಕಿರುವಾಗಲೇ ಇಳಿದು, ಮಾರ್ಚ್ ಮೂರಕ್ಕೆ ನೆಮ್ಮದಿಯಾಗಿ ಮಲಗುತ್ತಿದ್ದ. ಅವನ ಸೊಂಟಕ್ಕೂ ಅದೇ ಒಳ್ಳೆಯದಿತ್ತು. ಡಾಕ್ಟರಾದರೂ ಹೌದು ಅನ್ನು ಅನ್ನುತ್ತಿದ್ದರು.

"ಅಲ್ಲ," ಅಂದೆ. "ಇನ್ನೂ ನಾನೂರು ಹೆಜ್ಜೆ ಇದೆ."

ಅವನು ಹಿಮದ ಮೇಲೆ ಕೂತುಬಿಟ್ಟ. "ಇದೇ ಅಂತ ಹೇಳೋ. ಸಾಕು. ನಂಗಾಗಲ್ಲ. ಇದೇ ಅನ್ನು, ಇಳಿಯೋಣ."

"ಅಲ್ಲ ಮರ್ಡೊ."

"ಆವತ್ತು ಇದೇ ಅಂದೆಯಲ್ಲೋ!"

"ಆವತ್ತು ಸುಳ್ಳು ಹೇಳ್ದೆ."

ಗಾಳಿಯಲ್ಲಿ ಕೇಳಿಸಲಿಲ್ಲವೇನೋ ಅಂದುಕೊಂಡೆ. ಕೇಳಿಸಿತ್ತು.

"ಕ್ಯಾಮೆರಾದಲ್ಲಿ ಕಾಣ್ತು," ಅಂದೆ. "ಆ ದಿಣ್ಣೆ. ಫೋಟೊ ತೆಗೆಯೋವಾಗಲೇ ಕಾಣ್ತು. ಗೊತ್ತಿದ್ದೇ ಹೇಳ್ದೆ."

"ಯಾಕೆ?"

"ನಿನ್ನ ಬೂಟಿನ ಮೇಣದ ಮಾತು ಕೇಳಿ ಕೇಳಿ ಸಾಕಾಗಿತ್ತು."

ನನಗೇ ನಾಚಿಕೆಯಾಯಿತು. ಇನ್ನೇನಾದರೂ ದೊಡ್ಡ ಕಾರಣ ಇರಬೇಕಿತ್ತು. ಅವನು ನನ್ನ ಮುಖವನ್ನೇ ನೋಡುತ್ತ ಕೂತಿದ್ದ, ಅವನ ಹುಬ್ಬಿನ ಮೇಲೆ ಹಿಮ ಕಟ್ಟುತ್ತಿತ್ತು.

"ಎಲ್ಸ್‌ಪೆತ್ ಹತ್ತಿದ ದಿನ ನೀನು ಕಡುಬು ಹೊತ್ಕೊಂಡು ಬಂದೆ."

"ಹೂಂ."

"ಗೊತ್ತಿದ್ದೂ."

"ಹೂಂ."

ಬೈಯಲಿ ಅಂತ ಕಾದೆ. ಅವನು ಕೊಡಲಿ ಊರಿ, ಒಂದು ಮಂಡಿ, ಆಮೇಲೆ ಇನ್ನೊಂದು, ತಾನೇ ಎದ್ದ. ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿದ.

"ಯಾವ ಕಡೆ?"

ದಿಕ್ಸೂಚಿ ಹಿಡಿದು ತೋರಿಸಿದೆ, ಈಶಾನ್ಯ.

"ಎಣಿಸು," ಅಂದ. "ಜೋರಾಗಿ ಎಣಿಸು. ನಂಗೆ ಕೇಳಿಸ್ಬೇಕು."

ಎಣಿಸಿದೆ. ಅವನು ಮುಂದೆ, ನಾನು ಹಿಂದೆ. ಒಂದು, ಎರಡು, ಮೂರು, ಮಗ್ಗಿ ಒಪ್ಪಿಸುವ ಹಾಗೆ ಗಾಳಿಗೆ ಕಿರುಚುತ್ತ. ನೂರ ಹತ್ತಕ್ಕೆ ತಗ್ಗು ಇಳಿಯಿತು. ನೂರ ಅರವತ್ತಕ್ಕೆ ಅವನು ಬಿದ್ದ, ಎದ್ದ. ಇನ್ನೂರ ಎಂಬತ್ತೊಂದು ಬಂದಾಗ ನನ್ನ ಎಣಿಕೆ ನಿಂತಿತು, ಅವನು ತಿರುಗದೆಯೇ "ನಿಲ್ಲಿಸ್ಬೇಡ" ಅಂದ. ಇನ್ನೂರ ಎಂಬತ್ತೆರಡು ಅಂದೆ. ಮುನ್ನೂರು. ಏರು ಶುರುವಾಯಿತು. ನಾನೂರು ಅಂದಾಗ ಮುಂದೆ ಬರೀ ಬಿಳಿ. ನಾನು ಮತ್ತೆ ತಪ್ಪಿದೆ ಅಂದುಕೊಂಡೆ. ಅಷ್ಟು ಭಯ ನನಗೆ ಯಾವತ್ತೂ ಆಗಿರಲಿಲ್ಲ. ನಾನೂರ ಹದಿನೇಳಕ್ಕೆ ಗುಪ್ಪೆ ಸಿಕ್ಕಿತು.

ಅವನು ಕೈಗವಸು ಕಳಚಿ ಬರಿಗೈಯನ್ನು ಕಲ್ಲಿನ ಮೇಲಿಟ್ಟ. ಬಹಳ ಹೊತ್ತು ಇಟ್ಟುಕೊಂಡಿದ್ದ. ಏನೋ ಹೇಳಿದ, ನನಗೆ ಎಲ್ಸ್‌ಪೆತ್ ಎಂಬ ಹೆಸರಷ್ಟೇ ಕೇಳಿಸಿತು. ಸೀಸೆ ತೆಗೆದು ಒಂದು ಗುಟುಕು ಕುಡಿದು, ಮುಚ್ಚಳ ಹಾಕಿ, ಜೇಬಿಗಿಟ್ಟುಕೊಂಡ. ಮೂವತ್ತು ವರ್ಷದಲ್ಲಿ ಆ ಸೀಸೆ ನನ್ನ ಕೈಗೆ ಬಾರದೆ ಜೇಬು ಸೇರಿದ್ದು ಇದೇ ಮೊದಲು.

ಇಳಿಯುವಾಗ ಕತ್ತಲಾಗಿ ತಲೆದೀಪ ಹಚ್ಚಿಕೊಂಡೆವು. ಭುಜದ ಕೆಳಗೆ ಅವನ ಕಾಲು ಸೋತಾಗ ನನ್ನ ಹೆಗಲು ಹಿಡಿದ, ಸಮತಟ್ಟು ಬಂದ ಕೂಡಲೇ ಬಿಟ್ಟ. ಫೋನಿಗೆ ಸಿಗ್ನಲ್ ಸಿಗುವಾಗ ಐದೂ ಐವತ್ತೆಂಟು. "ಟೆಲಿಫೋನ್ ಕೈಯಲ್ಲೇ ಇತ್ತು," ಅಂದಳು ಜೀನ್, ಆಮೇಲೆ ಅತ್ತಳು. ಗಾಡಿಯಲ್ಲಿ ನಲವತ್ತು ನಿಮಿಷ ಅವನು ಒಂದೇ ಒಂದು ಮಾತಾಡಲಿಲ್ಲ. ನಾನು ಬೇಕೆಂದೇ, "ನನ್ನ ಬೂಟು ಮತ್ತೆ ಒದ್ದೆ," ಅಂದೆ. ಅದಕ್ಕೂ ಇಲ್ಲ.

ಫೆಬ್ರವರಿ 17

ಫೋನ್ ಎತ್ತಲಿಲ್ಲ.

ಫೆಬ್ರವರಿ 23

ಊರ ಏರನ್ನು ಒಬ್ಬನೇ ಹತ್ತಿದೆ. ಎರಡು ಕಡೆ ನಿಂತೆ. ನನಗೇನೂ ನಿಲ್ಲುವ ಅಗತ್ಯವಿರಲಿಲ್ಲ.

ಜೀನ್‌ಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಇಪ್ಪತ್ತನಾಲ್ಕು ವರ್ಷ ಇಟ್ಕೊಂಡಿದ್ಯಾ? ಅದಕ್ಕೇ ಬೀಪಿ," ಅಂದು ಹೆಣಿಗೆ ಮುಂದುವರಿಸಿದಳು. ಡಾಕ್ಟರ ಮಗಳು, ಎಲ್ಲದಕ್ಕೂ ಅವಳದೊಂದು ರೋಗನಿದಾನ.

ಮಾರ್ಚ್ 3

ಇವತ್ತು ಅವನ ಆಪರೇಷನ್. ಆಸ್ಪತ್ರೆಗೆ ಮೂರು ಸಲ ಫೋನ್ ಮಾಡಿದೆ. ನೀವು ಸಂಬಂಧಿಕರಾ ಅಂತ ಕೇಳಿದರು. ಏನು ಹೇಳುವುದು? ಅಂಚೆಯವನು ಅಂದೆ. ಆಮೇಲೆ ಜೀನ್ ಮಾಡಿ ಅತ್ತಿಗೆ ಅಂತ ಸುಳ್ಳು ಹೇಳಿ ತಿಳಿದುಕೊಂಡಳು. ಚೆನ್ನಾಗಿ ಆಯಿತಂತೆ. ಕುಳಿತು ಸೂಪು ಕುಡಿದನಂತೆ, ಉಪ್ಪು ಕಡಿಮೆ ಅಂದನಂತೆ.

ಮಧ್ಯಾಹ್ನದಿಂದ ಮನೆಯ ಬಾಗಿಲಿನ ಕೀಲು, ಕಿಟಕಿಯ ಕೀಲು ಎಲ್ಲಕ್ಕೂ ಎಣ್ಣೆ ಬಿಟ್ಟೆ. ಕೂರಲಾಗಲಿಲ್ಲ.

ಮಾರ್ಚ್ 11

ಬೆಳಿಗ್ಗೆ ಫೋನ್ ಬಂತು. "ಬಾ," ಅಂದ. ಅಷ್ಟೇ. ಇಟ್ಟ.

ಅವನ ಮನೆಯಲ್ಲಿ ಕಿಟಕಿಯ ಪಕ್ಕ ಎತ್ತರದ ಕುರ್ಚಿ, ಪಕ್ಕದಲ್ಲಿ ಊರುಗೋಲು. ಬಡಕಲಾಗಿದ್ದಾನೆ. ನಾನು ತಂದ ಕಡುಬನ್ನು ನೋಡಿದ. ಅವನ ಮಡಿಲಲ್ಲಿ ಒಂದು ಹಾಳೆ ಇತ್ತು. ಮರಗೆಲಸದ ಮೇಷ್ಟ್ರ ಅಕ್ಷರ, ಅಳತೆಗೋಲಿಟ್ಟು ಬರೆದ ಹಾಗೆ.

"ಪಟ್ಟಿಯವರಿಗೆ ಕಾಗದ ಬರೆದೆ," ಅಂದ. "ಮುಗಿಸಿದ್ದು ಈ ವರ್ಷ ಅಂತ ತಿದ್ದೋಕೆ ಹೇಳಿದೀನಿ. ಈಗ ಇದು. ಮಂಜಲ್ಲಿ ಹತ್ತಿದ್ದು, ದಿಕ್ಸೂಚಿ ನಿನ್ನ ಕೈಲಿದ್ದದ್ದು. ಹದಿನೇಳು ಬೆಟ್ಟ. ಒಂದೊಂದೇ ಓದ್ತೀನಿ. ಹೌದು, ಇಲ್ಲ, ಅಷ್ಟೇ ಹೇಳು."

ಶಾಲೆಯಲ್ಲಿ ಹಾಜರಿ ಕೂಗುವ ಹಾಗೆ ಓದಿದ. ನಾನು ನಿಂತೇ ಇದ್ದೆ, ಕೂರು ಅನ್ನಲಿಲ್ಲ. ಹೌದು. ಹೌದು. ಹೌದು. ಪ್ರತಿ ಹೆಸರಿಗೂ ಆ ದಿನವನ್ನು ನೆನಪಿಗೆ ತಂದುಕೊಂಡು, ಗುಪ್ಪೆಯನ್ನು ಕಣ್ಣ ಮುಂದೆ ತಂದುಕೊಂಡು ಹೇಳಿದೆ. ಹದಿನಾರೂ ನಿಜವಾಗಿ ಹೌದು. ದೇವರಾಣೆ.

ಕೊನೆಯದು ಸರೋವರ ದಾಟಿ ಪಶ್ಚಿಮದ ಕಡೆ ಇರುವ ಒಂದು ಬೋಳು ಬೆಟ್ಟ. ಮೇ ತಿಂಗಳು, ಇಪ್ಪತ್ತು ವರ್ಷ ಹಿಂದೆ. ನೆತ್ತಿಯಲ್ಲಿ ಮೂರು ಗುಪ್ಪೆಗಳು ಹತ್ತಿರ ಹತ್ತಿರ. ಎಷ್ಟು ಯೋಚಿಸಿದರೂ ಯಾವುದನ್ನು ಮುಟ್ಟಿದೆವು ಅಂತ ಹೊಳೆಯಲಿಲ್ಲ.

"ಗೊತ್ತಿಲ್ಲ," ಅಂದೆ.

"ಗೊತ್ತಿಲ್ಲ ಅಂದ್ರೆ?"

"ಅಂದ್ರೆ ಗೊತ್ತಿಲ್ಲ. ಸುಳ್ಳು ಹೇಳಿರ್ಲಿಲ್ಲ. ಆದ್ರೆ ಅದೇ ಗುಪ್ಪೆ ಅಂತ ಆಣೆ ಮಾಡಲ್ಲ."

"ಹೌದು ಅಂದಿದ್ರೆ ನಂಬ್ತಿದ್ದೆ."

"ನಂಬ್ತಿದ್ದೆ ಅಂತ ಗೊತ್ತು ಕಣೋ! ಅದಕ್ಕೇ ಹೇಳ್ತಿಲ್ಲ!"

ನನ್ನ ದನಿ ಏರಿಬಿಟ್ಟಿತು. ರೋಗಿಯ ಮನೆಯಲ್ಲಿ ಕಿರುಚಿದೆ. ಅವನು ಕಿಟಕಿಯ ಕಡೆ ತಿರುಗಿದ. ಬಿಳಿಕುದುರೆಯ ಭುಜದ ಮೇಲೆ ಇನ್ನೂ ಹಿಮ ಇತ್ತು. ಹಾಳೆಯಲ್ಲಿ ಆ ಕೊನೆಯ ಹೆಸರಿನ ಸುತ್ತ ಒಂದು ಸೊನ್ನೆ ಸುತ್ತಿದ. ನಾಲ್ಕು ಮಡಿಕೆ ಮಾಡಿದ. ಸೊಂಟ ಕೂಡಿದ ಮೇಲೆ ಅದನ್ನೂ ನಡೆಯಲೇಬೇಕು ಎಂದು ಇಬ್ಬರಿಗೂ ಗೊತ್ತಾಯಿತು. ಡಾಕ್ಟರು ಬೆಟ್ಟ ಬೇಡ ಅಂದರೆ ಅಂತ ಕೇಳಲು ಹೊರಟೆ. ಕೇಳಲಿಲ್ಲ.

ಆಮೇಲೆ ನನ್ನ ಕಾಲು ನೋಡಿದ. ಮೂಗು ಸೊಟ್ಟಗೆ ಮಾಡಿದ.

"ಆ ಬೂಟಿಗೆ ಏನು ಹಚ್ತೀಯ ನೀನು?"

"ಏನೂ ಹಚ್ಚಲ್ಲ."

"ಕಾಣ್ಸುತ್ತೆ. ಕೂರು."

ಕೂತೆ. ನಲವತ್ತೈದು ನಿಮಿಷ ಮಾತಾಡಿದ. ಯಾವುದು ಚರ್ಮದೊಳಗೆ ಇಳಿಯುತ್ತದೆ, ಯಾವುದು ಮೇಲೇ ಕೂರುತ್ತದೆ, ಈಗ ಹೊಸದಾಗಿ ಬಂದಿರುವುದು ಯಾಕೆ ಶುದ್ಧ ಮೋಸ. ನಾನು ಒಂದು ಸಲವೂ ನಡುವೆ ಬಾಯಿ ಹಾಕಲಿಲ್ಲ. ಕಡುಬು ಕತ್ತರಿಸಿದ, ನನಗೂ ಒಂದು ತುಂಡು ಕೊಟ್ಟ. ಕಪಾಟಿನಿಂದ ಸೀಸೆ ತರಲು ಹೇಳಿದ, ಮೊದಲು ನನ್ನ ಕೈಗೇ ಕೊಟ್ಟ. ಹೊರಡುವಾಗ ಅರ್ಧ ಖಾಲಿಯಾದ ಒಂದು ಮೇಣದ ಡಬ್ಬಿಯನ್ನು ಜೇಬಿಗೆ ತುರುಕಿದ. ತಾಳ್ಮೆ ಬೇಕು ಅಂದ.

ದಾರಿಯಲ್ಲಿ ಕರ್ಸ್ಟಿ ಸಿಕ್ಕಳು. ಒಂದು ತಿಂಗಳಿಂದ ಅಂಕಿ ಯಾಕೆ ಕೊಟ್ಟಿಲ್ಲ ಅಂತ ಗದರಿದಳು. ಅಳೆಯುವುದೇ ಮರೆತುಹೋಗಿತ್ತು.

ಮನೆಗೆ ಬಂದು ಬೂಟಿಗೆ ಮೇಣ ಹಚ್ಚಿದೆ. ಎರಡು ಸಲ ಹಚ್ಚಬೇಕಂತೆ, ಮೊದಲ ಸಲದ್ದು ಪೂರ್ತಿ ಒಣಗಿದ ಮೇಲೆ. ಒಲೆಯ ಹತ್ತಿರ ಇಡಬಾರದಂತೆ, ಚರ್ಮ ಬಿರಿಯುತ್ತದೆ. ಬಾಗಿಲ ಪಕ್ಕ ಇಟ್ಟಿದ್ದೇನೆ. ಎಷ್ಟು ನಿಧಾನವಾಗಿ ಒಣಗುತ್ತದೆ ಈ ದರಿದ್ರದ್ದು. ಕಾಯುತ್ತಿದ್ದೇನೆ.